ಜೋಗ್ಜಾದ ಕಡಲೆ, ಬಾಳೆ ಎಲೆಯ ಟೆಂಪೆ

ಇಂಡೋನೇಷ್ಯಾದ ಯೋಗ್ಯಕರ್ತಾ ಊರನ್ನು ಅಲ್ಲಿಯವರು ಪ್ರೀತಿಯಿಂದ ‘ಜೋಗ್ಜಾ’ ಅಂತಾರೆ. ಅಲ್ಲಿನ ಬೆರಿಂಗ್‌ಹಾರ್ಜೊ ಮಾರುಕಟ್ಟೆಗೆ ಹೋಗೋದಾದರೆ ಬೆಳಿಗ್ಗೆ ಬೇಗ ಹೋಗಿ. ಮಲಿಯೊಬೊರೊ ರಸ್ತೆಯ ದಕ್ಷಿಣದ ತುದಿಯಲ್ಲಿರುವ ಈ ಮಾರುಕಟ್ಟೆಯ ಮುಂಭಾಗದಲ್ಲಿ ಬರೀ ಬಾಟಿಕ್ ಬಟ್ಟೆ. ಪ್ರವಾಸಿಗರು ಅಂಗಿ, ಲುಂಗಿ ಚೌಕಾಸಿ ಮಾಡಿ ಅಲ್ಲಿಂದಲೇ ವಾಪಸ್ ಹೋಗಿಬಿಡ್ತಾರೆ. ಹಿಂದಕ್ಕೆ ಹೋದರೆ ಬೇರೆಯದೇ ಲೋಕ. ಮಾರುದ್ದ ಅಲಸಂದೆಕಾಯಿ, ಸೀಮೆಬದನೆ, ಸಿಪ್ಪೆ ಹೆರೆದಿಟ್ಟ ಎಳೆ ಹಲಸು, ತೆಂಗಿನ ಚಿಪ್ಪಿನಲ್ಲಿ ಅಚ್ಚು ಹಾಕಿದ ಕಂದು ಬೆಲ್ಲ, ಹುಣಸೆ, ಅರಿಶಿನ, ರಾಶಿ ರಾಶಿ ಬಾಳೆ ಎಲೆ. ಮಂಗಳೂರಿನ ಸಂತೆಗೆ ಬಂದ ಹಾಗಿತ್ತು, ಭಾಷೆ ಒಂದು ಬೇರೆ.

ಆಫೀಸ್ ಕೆಲಸದ ಮೇಲೆ ಆರು ವಾರ ಈ ಊರಲ್ಲಿದ್ದೆ. ಹಾಲು ಒಗ್ಗದ ಹೊಟ್ಟೆ ನನ್ನದು, ಹಾಗಾಗಿ ಮೂರು ವರ್ಷದಿಂದ ಹಾಲು, ಮೊಸರು, ತುಪ್ಪ ಯಾವುದೂ ಇಲ್ಲ. ಮೊಸರನ್ನ ಇಲ್ಲದ ಊಟ ಊಟವೇ ಅಲ್ಲ ಅನ್ನೋ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಹೊರಡುವ ಮುಂಚೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು. ಡಾಕ್ಟರ್ ಮಾತ್ರೆ ಬರೆದುಕೊಟ್ಟು, ಪ್ರೋಟೀನ್ ಸರಿಯಾಗಿ ತಿನ್ನಿ ಅಂದರು. ಅಮ್ಮನ ತೀರ್ಪು ಬೇರೆ: ‘ವಾಪಸ್ ಬಂದ ಮೇಲೆ ಇನ್ನೊಂದು ಸಲ ಟೆಸ್ಟ್ ಮಾಡ್ಸು. ಸರಿ ಹೋಗಿಲ್ಲ ಅಂದ್ರೆ ಮೊಸರು ಶುರು, ಅಷ್ಟೆ.’ ಹಾಗಾಗಿ ಜೋಗ್ಜಾದಲ್ಲಿ ಏನು ತಿನ್ನೋದು ಅನ್ನೋದು ನನಗೆ ಪ್ರವಾಸದ ಖುಷಿಯ ಪ್ರಶ್ನೆ ಮಾತ್ರ ಆಗಿರಲಿಲ್ಲ.

ಉತ್ತರ ಸಿಕ್ಕಿದ್ದು ಬಾಳೆ ಎಲೆಯ ಪೊಟ್ಟಣದಲ್ಲಿ. ಬಿಚ್ಚಿದರೆ ಒಳಗೆ ಬಿಳಿ ನೂಲಿನಿಂದ ಹೆಣೆದಂಥ ಕಾಳಿನ ಹಲಗೆ. ಅದೇ ಟೆಂಪೆ. ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಅಮ್ಮ ಕ್ಯಾಮೆರಾ ಹತ್ತಿರ ಬಂದು ನೋಡಿ, ‘ಅಯ್ಯೋ, ಬೂಷ್ಟು ಬಂದಿದೆ ಕಣೇ, ಬಿಸಾಕು’ ಅಂದಳು. ಅಮ್ಮ ಹೇಳಿದ್ದು ವಿಜ್ಞಾನದ ಪ್ರಕಾರ ಪೂರ್ತಿ ಸರಿ. ಅದು ಬೂಷ್ಟೇ. ರೈಜೋಪಸ್ ಅನ್ನೋ ಬೂಷ್ಟನ್ನು ಬೇಕಂತಲೇ ಬೆಳೆಸಿ ತಿನ್ನೋ ಅಡುಗೆ ಇದು.

ನಾನಿದ್ದ ಕೋಸ್ (ಅಲ್ಲಿ ಬಾಡಿಗೆ ಕೋಣೆಗಳ ಮನೆಗೆ ಹೀಗಂತಾರೆ) ಹಿಂದಿನ ಓಣಿಯಲ್ಲೇ ಟೆಂಪೆ ಮಾಡುವ ಮನೆಯೊಂದಿತ್ತು. ಮನೆಯೊಡತಿ ಇಬು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಇಬು ಅಂದರೆ ಅಮ್ಮ. ನಾವು ಯಾರನ್ನಾದರೂ ಅಮ್ಮಾ, ಅಕ್ಕಾ ಅನ್ನೋ ಹಾಗೆ ಅಲ್ಲಿ ಇಬು, ಬಾಪಕ್, ಮಾಸ್. ಸೋಯಾ ಕಾಳನ್ನು ರಾತ್ರಿಯೆಲ್ಲ ನೆನೆಸಿ, ಬೇಯಿಸಿ, ತುಳಿದೋ ಉಜ್ಜಿಯೋ ಸಿಪ್ಪೆ ಬಿಡಿಸ್ತಾರೆ. ಆಮೇಲೆ ಪೂರ್ತಿ ಆರಿಸಬೇಕು, ಮೇಲೆ ನೀರಿನ ಪಸೆ ಇರಬಾರದು. ಅದಕ್ಕೆ ಹೆಪ್ಪಿನ ಪುಡಿ ಬೆರೆಸಿ, ಬಾಳೆ ಎಲೆಯಲ್ಲೋ ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲೋ ಕಟ್ಟಿಟ್ಟರೆ 30 ಡಿಗ್ರಿ ಆಸುಪಾಸಿನ ಸೆಕೆಯಲ್ಲಿ ಒಂದೂವರೆ, ಎರಡು ದಿನಕ್ಕೆ ಟೆಂಪೆ ಸಿದ್ಧ. ಪುಡಿ ಬರುವ ಮುಂಚೆ ದಾಸವಾಳದ ಜಾತಿಯ ಒಂದು ಮರದ ಎಲೆಗಳ ನಡುವೆ ಈ ಬೂಷ್ಟನ್ನು ಬೆಳೆಸಿ, ಒಣಗಿಸಿ ಹೆಪ್ಪಾಗಿ ಇಟ್ಟುಕೊಳ್ಳುತ್ತಿದ್ದರಂತೆ. ಮೊಸರಿಗೆ ನಿನ್ನೆಯ ಮೊಸರು ಹಾಕುವ ಲೆಕ್ಕವೇ.

ಆ ಹೆಪ್ಪಿನ ಪುಡಿಗೆ ಅಲ್ಲಿ ಏನಂತಾರೆ ಗೊತ್ತಾ? ರಾಗಿ. ನಿಜವಾಗ್ಲೂ. ‘ರಾಗಿ ಟೆಂಪೆ’ ಅಂತ ಪ್ಯಾಕೆಟ್ ಮೇಲೆ ಬರೆದಿದ್ದು ಓದಿ ಮುದ್ದೆ ಹಿಟ್ಟು ಸಿಕ್ತು ಅಂತ ಒಂದು ಕ್ಷಣ ಜೀವ ಬಂತು. ರಾಗಿ ಬರೀ ಹೆಸರಿನ ಆಟ. ಆದರೆ ಸೋಯಾ ಕಾಳಿಗೆ ಅವರು ಹೇಳುವ ‘ಕೆಡೆಲೈ’ ಹಾಗಲ್ಲ. ಅದು ತಮಿಳಿನ ‘ಕಡಲೈ’ಯಿಂದ ಹೋದ ಪದ ಅಂತಾರೆ ಭಾಷೆ ಬಲ್ಲವರು. ಅಂದರೆ ನಮ್ಮ ಕಡಲೆಯ ಒಡಹುಟ್ಟು! ವ್ಯಾಪಾರಿಗಳ ಹಡಗು ಹತ್ತಿ ಹೋದ ಹೆಸರು ಇನ್ನೊಂದು ಕಾಳಿಗೆ ಅಂಟಿಕೊಂಡಿದೆ.

ಪದಗಳು ಈ ಕಡೆಯಿಂದ ಆ ಕಡೆ ಹೋದವು, ಅಡುಗೆ ಆ ಕಡೆಯಿಂದ ಈ ಕಡೆ ಬಂದಿರಬಹುದಾ? ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಹಾಗೆ ಊಹಿಸಿದ್ದರು. ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಬರುತ್ತದೆ. ಆದರೆ ಅಕ್ಕಿ ಬೆರೆಸಿ, ಹುದುಗು ಬರಿಸಿ, ಹಬೆಯಲ್ಲಿ ಬೇಯಿಸುವ ಇಂದಿನ ಇಡ್ಲಿಯ ವಿಧಾನ ಇಂಡೋನೇಷ್ಯಾದಿಂದ ಬಂದಿರಬಹುದು ಎಂದು ಅವರ ವಾದ. ಎಲ್ಲರೂ ಒಪ್ಪಿಲ್ಲ. ಗಟ್ಟಿ ಪುರಾವೆ ಇಲ್ಲದ ವಾದ ಅಂತ ನನಗೂ ಅನಿಸುತ್ತೆ. ಆದರೂ ಟೆಂಪೆ ಕಟ್ಟುವ ಹೆಂಗಸು ಪೊಟ್ಟಣದ ಮೇಲೆ ಅಂಗೈ ಇಟ್ಟು ಕಾವು ನೋಡುವಾಗ, ಅಮ್ಮ ದೋಸೆ ಹಿಟ್ಟಿನ ಪಾತ್ರೆ ಮುಟ್ಟಿ ನೋಡುವ ಕೈಯೇ ಕಂಡಿತು.

ಈಗ ತಾಪತ್ರಯದ ಮಾತು. ಜಾವಾ ಅಡುಗೆಯಲ್ಲಿ ಹಾಲಿನ ಭಯ ಇಲ್ಲ. ಹಾಲು, ಕೆನೆ ಹಾಕುವ ಜಾಗದಲ್ಲೆಲ್ಲ ತೆಂಗಿನ ಹಾಲು. ಅಪಾಯ ಇರೋದು ತೆರಾಸಿಯಲ್ಲಿ, ಅಂದರೆ ಹುದುಗಿಸಿದ ಸೀಗಡಿಯ ಉಂಡೆ. ಸಾಂಬಾಲ್ ಅನ್ನೋ ಖಾರದ ಚಟ್ನಿಯಲ್ಲಿ, ಎಷ್ಟೋ ಪಲ್ಯಗಳಲ್ಲಿ ಅದು ಕಣ್ಣಿಗೆ ಕಾಣದ ಹಾಗೆ ಕೂತಿರುತ್ತೆ. ‘ತಾನ್ಪಾ ತೆರಾಸಿ’, ತೆರಾಸಿ ಬೇಡ, ಇಷ್ಟು ಕಲಿತಿಟ್ಟುಕೊಳ್ಳಿ. ಊರಿನ ಹೆಸರುವಾಸಿ ತಿಂಡಿ ಗುಡೆಗ್ ಕೂಡ ಹಾಗೆ. ಎಳೆ ಹಲಸನ್ನು ಬೆಲ್ಲ, ತೆಂಗಿನ ಹಾಲಿನಲ್ಲಿ ಗಂಟೆಗಟ್ಟಲೆ ಕುದಿಸಿದ್ದು, ತೇಗದ ಎಲೆ ಹಾಕಿ ಕಂದು ಬಣ್ಣ ಬರಿಸಿದ್ದು. ಕೇಳೋಕೆ ನಮ್ಮದೇ ಅನಿಸುತ್ತೆ. ಬಡಿಸುವಾಗ ಮಾತ್ರ ಜೊತೆಗೆ ಕೋಳಿ, ಮೊಟ್ಟೆ, ದನದ ಚರ್ಮದ ಸಾರು. ಮೊದಲೇ ಬೇಡ ಅನ್ನಬೇಕು. ರುಚಿಯ ಬಗ್ಗೆ ಹೇಳಬೇಕಂದ್ರೆ, ಅತಿ ಸಿಹಿ. ದಾವಣಗೆರೆಯ ನಾಲಿಗೆಗೆ ಎರಡು ತುತ್ತು ಸಾಕು.

ಪೆಚೆಲ್ ಮಾತ್ರ ಕಣ್ಣು ಮುಚ್ಚಿ ತಿಂದೆ, ತೆರಾಸಿ ಇಲ್ಲ ಅಂತ ಕೇಳಿಕೊಂಡ ಮೇಲೆ. ಬಿಸಿನೀರಲ್ಲಿ ಬಾಡಿಸಿದ ಸೊಪ್ಪು, ಅಲಸಂದೆ, ಮೊಳಕೆ ಕಾಳು, ಮೇಲೆ ಶೇಂಗಾ ಚಟ್ನಿ ಸುರಿದಿದ್ದು. ನಮ್ಮ ಶೇಂಗಾ ಚಟ್ನಿಗೆ ಬೆಲ್ಲ, ಹುಣಸೆ ಜಾಸ್ತಿ ಮಾಡಿ ನೀರಾಗಿಸಿದರೆ ಅದೇ.

ಉಳಿದದ್ದು ಕೋಸ್‌ನ ಒಂದೇ ಒಲೆಯ ಅಡುಗೆಮನೆಯಲ್ಲಿ, ಇಬು ಕಲಿಸಿದ್ದು. ಟೆಂಪೆ ಬಾಚೆಮ್ ಅಂತ ಒಂದಿದೆ. ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು. ಕಾಲು ಕಿಲೊ ಟೆಂಪೆಯನ್ನು ಬೆರಳು ದಪ್ಪ ಹೋಳು ಮಾಡಿ. ಒಂದು ಚಮಚ ಕೊತ್ತಂಬರಿ ಬೀಜ, ಮೂರು ಎಸಳು ಬೆಳ್ಳುಳ್ಳಿ, ನಾಲ್ಕೈದು ಸಾಂಬಾರ್ ಈರುಳ್ಳಿ ಅರೆದು, ಚೂರು ಹುಣಸೆರಸ, ಉಪ್ಪು, ನಿಂಬೆ ಗಾತ್ರದ ಬೆಲ್ಲ ಸೇರಿಸಿ. ಎರಡು ಲೋಟ ತೆಂಗಿನಕಾಯಿ ನೀರು ಹಾಕಿ. ಎಳನೀರೇ ಬೇಕಿಲ್ಲ, ಕಾಯಿ ಒಡೆದಾಗ ಬರುವ ನೀರು ಸಾಕು. ದುಂಪರಾಸ್ಮೆಯ ಒಂದು ತುಂಡು ಜಜ್ಜಿ ಹಾಕಿ, ಸಿಗದಿದ್ದರೆ ಶುಂಠಿ. ಅಲ್ಲಿ ಸಾಲಾಮ್ ಅನ್ನೋ ಎಲೆ ಹಾಕ್ತಾರೆ, ನೇರಳೆ ಕುಲದ ಮರದ್ದು. ನಮ್ಮಲ್ಲಿ ಅದು ಇಲ್ಲ, ಬಿಟ್ಟುಬಿಡಿ. ಸಣ್ಣ ಉರಿಯಲ್ಲಿ ಇಟ್ಟು ನಿಮ್ಮ ಮೀಟಿಂಗ್ ಅಟೆಂಡ್ ಮಾಡಿ. ನೀರೆಲ್ಲ ಇಂಗಿ ಹೋಳು ಕಂದಾದ ಮೇಲೆ ಕಾವಲಿಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿದರೆ ಆಯ್ತು. ಇಂಗಿಸಿದ್ದನ್ನು ಫ್ರಿಜ್‌ನಲ್ಲಿಟ್ಟು, ಬೇಕಾದಾಗ ಬೇಕಾದಷ್ಟೇ ಹುರಿದುಕೊಳ್ಳಬಹುದು. ವಾರದ ಮಧ್ಯೆ ಅನ್ನ, ಸಾರು, ಬಾಚೆಮ್. 100 ಗ್ರಾಂ ಟೆಂಪೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್ ಇರುತ್ತೆ.

ಇನ್ನೊಂದು ಸಾಯುರ್ ಲೊಡೆಹ್. ಬದನೆ, ಅಲಸಂದೆ, ಸೀಮೆಬದನೆ, ಟೆಂಪೆ, ತೋಫು ತೆಳು ತೆಂಗಿನ ಹಾಲಿನಲ್ಲಿ ಬೆಂದು, ಕೊನೆಗೆ ದಪ್ಪ ಹಾಲು ಬಿದ್ದು, ಹಸಿಮೆಣಸಿನ ಖಾರ ತೇಲುವ ಸಾರು. ದಪ್ಪ ಹಾಲು ಹಾಕಿದ ಮೇಲೆ ಜೋರು ಕುದಿಸಬಾರದು, ಒಡೆಯುತ್ತೆ. ನಮ್ಮ ಕಾಯಿಹಾಲಿನ ಅಡುಗೆಗಳ ನಿಯಮವೇ. ಹಿಂದೆ ಪ್ಲೇಗ್ ಬಂದಾಗ ಸುಲ್ತಾನರು ಊರಿಗೆಲ್ಲ ಏಳು ಬಗೆಯ ತರಕಾರಿ ಹಾಕಿದ ಲೊಡೆಹ್ ಮಾಡಿ ಮನೆಯಲ್ಲೇ ಇರಿ ಅಂದಿದ್ದರು ಅನ್ನೋ ಮಾತು ಜೋಗ್ಜಾದಲ್ಲಿದೆ. 2020ರಲ್ಲಿ ಕೊರೊನಾ ಬಂದಾಗಲೂ ಎಷ್ಟೋ ಮನೆಗಳಲ್ಲಿ ಅದನ್ನೇ ಬೇಯಿಸಿದರು. ರೋಗ ಹೋಗುತ್ತೋ ಬಿಡುತ್ತೋ, ಏಳು ತರಕಾರಿ ಒಳಗೆ ಹೋಗೋದಂತೂ ಗ್ಯಾರಂಟಿ.

ಟೆಂಪೆ ಅಂದರೆ ಅಲ್ಲಿ ಬಡವರ ಊಟ ಅನ್ನೋ ಹೆಸರು ಹಳೆಯದು. ದೇಶದ ಮೊದಲ ಅಧ್ಯಕ್ಷ ಸುಕರ್ಣೊ, ನಾವು ಟೆಂಪೆಯಂಥ ಜನ ಆಗಬಾರದು, ಅಂದರೆ ಮೆತ್ತಗಿನವರಾಗಬಾರದು ಅಂತ ಹೇಳುತ್ತಿದ್ದರು. ನಾನು ಕೊಳ್ಳುತ್ತಿದ್ದ ಹಲಗೆಗೆ ಐದು ಸಾವಿರ ರುಪಿಯಾ, ನಮ್ಮ 27 ರೂಪಾಯಿ ಆಸುಪಾಸು. ಇಷ್ಟು ಅಗ್ಗ ಹೇಗೆ ಅಂತ ಟೆಂಪೆ ಮನೆಯ ಬಾಪಕ್‌ನ ಕೇಳಿದಾಗ ಆತ ಮೂಲೆಯಲ್ಲಿದ್ದ ಚೀಲ ತೋರಿಸಿದ. ಅಮೆರಿಕದ ಸೋಯಾ. ಬಾಳೆ ಎಲೆ ಓಣಿಯದು, ಹೆಪ್ಪು ಜಾವಾದ್ದು, ಕಾಳು ಮಾತ್ರ ಸಾಗರದಾಚೆಯದು. ಇಂಡೋನೇಷ್ಯಾ ಬಳಸುವ ಸೋಯಾದಲ್ಲಿ ಬಹುಪಾಲು ಆಮದು. ಹಾಗಾಗಿ 2012ರಲ್ಲಿ ಅಮೆರಿಕದಲ್ಲಿ ಬರ ಬಂದರೆ ಜಾವಾದ ಓಣಿಯಲ್ಲಿ ಟೆಂಪೆ ನಿಂತುಹೋಯಿತು. ಬೆಲೆ ತಡೆಯಲಾಗದೆ ಆ ಜುಲೈನಲ್ಲಿ ಟೆಂಪೆ, ತೋಫು ಮಾಡುವವರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. 2021ರ ಜನವರಿಯಲ್ಲಿ ಮತ್ತೆ, 2022ರ ಫೆಬ್ರುವರಿಯಲ್ಲಿ ಮತ್ತೆ.

‘ಬೆಲೆ ಏರಿಸಿದರೆ ಜನ ಬರಲ್ಲ. ಹಲಗೆ ತೆಳ್ಳಗೆ ಮಾಡ್ತೀವಿ’ ಅಂದ ಬಾಪಕ್. ತೆಳ್ಳಗಾದ ಹಲಗೆ ಅಂದರೆ ಆ ಓಣಿಯ ಮಕ್ಕಳ ತಟ್ಟೆಯಲ್ಲಿ ಅಷ್ಟು ಪ್ರೋಟೀನ್ ಕಡಿಮೆ. ನಮ್ಮಲ್ಲಿ ವೀಗನ್ ಅಂದರೆ ದುಬಾರಿ ಕೆಫೆಯ ಮೆನು. ಅಲ್ಲಿ ಆ ಪದವನ್ನೇ ಕೇಳದ ಮನೆಗಳು ದಿನಾ ತಿನ್ನುವುದು ಅದನ್ನೇ, ಅದೂ ಬೇರೆ ಯಾರದೋ ಹೊಲದ ಮಳೆ ನಂಬಿಕೊಂಡು.

ಎರಡು ಎಚ್ಚರಿಕೆ ಹೇಳಿಬಿಡ್ತೀನಿ. ಟೆಂಪೆಯಲ್ಲಿ ಬಿ12 ಇದೆ ಅಂತ ಇಂಟರ್ನೆಟ್ ತುಂಬಾ ಓದ್ತೀರಿ. ಅದನ್ನು ನಂಬಿ ಮಾತ್ರೆ ಬಿಡಬೇಡಿ. ಅದು ಇದ್ದರೂ ಎಷ್ಟಿರುತ್ತೆ ಅನ್ನೋದಕ್ಕೆ ಲೆಕ್ಕವಿಲ್ಲ. ಪ್ರಾಣಿಮೂಲದ್ದು ಏನೂ ತಿನ್ನದವರಿಗೆ ಮಾತ್ರೆ ಬೇಕೇ ಬೇಕು. ಎರಡನೆಯದು, ಸೋಯಾ ಬದಲು ಎಣ್ಣೆ ತೆಗೆದ ಕೊಬ್ಬರಿ ಹಿಂಡಿಯಲ್ಲಿ ಮಾಡುವ ಬೊಂಗ್‌ಕ್ರೆಕ್ ಅನ್ನೋ ಟೆಂಪೆ ಇತ್ತು. ಅದರಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸೇರಿದರೆ ಪ್ರಾಣ ತೆಗೆಯುವ ವಿಷ. ಎಷ್ಟೋ ಜನ ಸತ್ತ ಮೇಲೆ 1988ರಲ್ಲಿ ಅದನ್ನು ನಿಷೇಧಿಸಿದರು. ಮನೆಯಲ್ಲಿ ಪ್ರಯೋಗ ಮಾಡುವ ಉತ್ಸಾಹಿಗಳೇ, ಕೊಬ್ಬರಿ ಬೇಡ.

ಬೆಂಗಳೂರಿಗೆ ಬಂದು ಮಾಡಿಸಿದ ಟೆಸ್ಟ್‌ನಲ್ಲಿ ಬಿ12 ಸರಿ ಹೋಗಿತ್ತು. ಅದು ಮಾತ್ರೆಯ ಪುಣ್ಯ ಅಂತ ಅಮ್ಮನಿಗೆ ಹೇಳಿಯೇ ಹೇಳಿದೆ. ಟೆಂಪೆ ಇಲ್ಲೂ ಸಿಗುತ್ತೆ, ಆನ್‌ಲೈನ್‌ನಲ್ಲಿ, ಜೋಗ್ಜಾದ ಎಷ್ಟೋ ಪಟ್ಟು ಬೆಲೆಗೆ. ಹಾಗಾಗಿ ಹೆಪ್ಪಿನ ಪುಡಿ ತರಿಸಿ ಮನೆಯಲ್ಲೇ ಕಟ್ತಿದ್ದೀನಿ. ಕಾಳು ನಮ್ಮದೇ. ಬೀದರ್, ಬೆಳಗಾವಿ ಕಡೆ ಬೇಕಾದಷ್ಟು ಸೋಯಾ ಬೆಳೀತಾರೆ, ಬಹುಪಾಲು ಎಣ್ಣೆ ಗಿರಣಿಗೆ ಹೋಗುತ್ತೆ. ಪುರುಸೊತ್ತು ಇಲ್ಲದ ವಾರ ಬಾಚೆಮ್ ಮಸಾಲೆಗೆ ತೋಫು ಹಾಕಿ, ಅಥವಾ ನೆನೆಸಿ ಹಿಂಡಿದ ಸೋಯಾ ಚಂಕ್ಸ್. ಚಂಕ್ಸ್ ಮಸಾಲೆಯನ್ನು ಎಷ್ಟು ಚೆನ್ನಾಗಿ ಹೀರುತ್ತೆ ಅಂದ್ರೆ, ಬೆಲ್ಲ ಅರ್ಧ ಮಾಡಬೇಕು.

ಏಪ್ರಿಲ್‌ನಲ್ಲಿ ಕಟ್ಟಿದ್ದು ಒಂದೂವರೆ ದಿನಕ್ಕೆ ಬಿಳಿ ಹೆಣೆದುಕೊಂಡಿತು. ಡಿಸೆಂಬರ್ ಚಳಿಗೆ ಪೊಟ್ಟಣಗಳನ್ನು ಹಳೆ ಟವೆಲ್‌ನಲ್ಲಿ ಸುತ್ತಿ, ಲೈಟ್ ಹಾಕಿದ ಓವನ್ ಒಳಗೆ ಇಡ್ತೀನಿ, ಪಕ್ಕದಲ್ಲೇ ದೋಸೆ ಹಿಟ್ಟಿನ ಪಾತ್ರೆ. ಬಿಳಿ ಬಣ್ಣ, ಅಲ್ಲಲ್ಲಿ ಬೂದು ಚುಕ್ಕೆ ಬಂದರೆ ಪರವಾಗಿಲ್ಲ. ಗುಲಾಬಿಯೋ ಹಳದಿಯೋ ಕಂಡರೆ, ಅಂಟು ಬಂದು ಕೆಟ್ಟ ವಾಸನೆ ಹೊಡೆದರೆ, ಅಮ್ಮ ಹೇಳಿದ ಹಾಗೇ ಬಿಸಾಕಿ.