ನೆಹರು ಗಂಜಿನಲ್ಲಿ ಕೇಳಿದ ಒಂದು ಪ್ರಶ್ನೆ

ಕಮಲಾಪುರದಿಂದ ತೊಗರಿ ಚೀಲಗಳ ಜೊತೆ ಅಪ್ಪನ ಹಿಂದೆ ಕಲಬುರಗಿಯ ನೆಹರು ಗಂಜಿಗೆ ಬರೋದು ನನಗೆ ಚಿಕ್ಕಂದಿನ ರೂಢಿ. ಟೊರೊಂಟೊದಲ್ಲಿ ಏಳು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಈ ಜನವರಿಯಲ್ಲಿ ಮತ್ತೆ ಬಂದೆ. ಅದೇ ತೊಗರಿ ರಾಶಿ, ಅದೇ ಧೂಳು, ದಾಲ್ ಮಿಲ್ಲಿನ ಅದೇ ಸದ್ದು. ಅಡತ್ ಅಂಗಡಿಯ ಕಾಕಾ ಚಹಾ ತರಿಸಿ, "ತಮ್ಮಾ, ಮುಂದಿನ ಇಲೆಕ್ಷನ್‌ಗೆ ಓಟ್ ಹಾಕ್ಲಾಕ ಬರ್ತಿ ಇಲ್ಲೋ?" ಅಂದರು.

ಬಾಯಿ ಕಟ್ಟಿತು. ಕೆನಡಾ ಪೌರತ್ವದ ಅರ್ಜಿ ತುಂಬಿಟ್ಟು ಬಂದಿದ್ದೆ. ಕೆನಡಾ ಎರಡು ಪೌರತ್ವ ಒಪ್ಪುತ್ತದೆ. ನಮ್ಮ 1955ರ ಪೌರತ್ವ ಕಾಯ್ದೆ ಒಪ್ಪುವುದಿಲ್ಲ. ಆಮೇಲೆ ಸಿಗುವ ಓಸಿಐ ಕಾರ್ಡು ಜೀವನಪರ್ಯಂತದ ವೀಸಾ ಇದ್ದಂತೆ. ಬಂದು ಹೋಗಬಹುದು, ಓಟಿಲ್ಲ. ಈಗ ಭಾರತದ ಪಾಸ್‌ಪೋರ್ಟ್ ಇರೋದರಿಂದ, 2010ರ ತಿದ್ದುಪಡಿಯಂತೆ, ನಮೂನೆ 6ಎ ತುಂಬಿ ಊರಿನ ಮತದಾರರ ಪಟ್ಟಿ ಸೇರಬಹುದು. ಆದರೆ ಓಟು ಹಾಕಲು ಖುದ್ದಾಗಿ ಬರಬೇಕು. ಏಳು ವರ್ಷದಿಂದ ಅಲ್ಲಿ ತೆರಿಗೆ ಕಟ್ಟಿದೆ, ಓಟಿರಲಿಲ್ಲ. ಇಲ್ಲಿ ಓಟಿತ್ತು, ಬರಲಿಲ್ಲ.

ತೂಕದ ಚೀಟಿ ಮಡಚುತ್ತಾ ಅಪ್ಪ ಅಂದರು: "ಎಲ್ಲಿ ದುಡದು ಉಣ್ತಿ, ಅಲ್ಲೇ ಓಟ್ ಇರ್ಲಿ." ಮುಖ ಮಾತ್ರ ನೋಡಲಿಲ್ಲ.

ಮಗಳು ಹುಟ್ಟಿದ್ದು ಅಲ್ಲೇ. ಅರ್ಜಿ ಕಳಿಸುತ್ತೇನೆ. ಕಾಕಾಗೆ ಮಾತ್ರ "ನೋಡ್ತೀನ್ರಿ" ಅಂದು ಚಹಾ ಮುಗಿಸಿದೆ.