ಜಾರುವವರ ರೈಲು

"ಭಾವಾ, ಝೂರಿಕ್‌ನಿಂದ ಆ ಮ್ಯೂರನ್‌ಗೆ ಕ್ಯಾಬ್ ಮಾಡಿದರೆ ಎಷ್ಟಾಗಬಹುದು?" ಎಂದು ನನ್ನ ಷಡ್ಡಕರು ಮೊನ್ನೆ ಫೋನಿನಲ್ಲಿ ಕೇಳಿದರು. ಕ್ರಿಸ್‌ಮಸ್ ರಜೆಗೆ ಮಕ್ಕಳು ಮರಿ ಕಟ್ಟಿಕೊಂಡು ಸ್ವಿಟ್ಜರ್‌ಲ್ಯಾಂಡಿಗೆ ಹೊರಟಿದ್ದಾರೆ. ಕ್ಯಾಬಲ್ಲ, ಸ್ವಂತ ಕಾರಿದ್ದರೂ ಅಲ್ಲಿಗೆ ಹೋಗುವುದಿಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ರಸ್ತೆ ಇಲ್ಲವಾ? ಸ್ವಿಟ್ಜರ್‌ಲ್ಯಾಂಡಿನಲ್ಲಿ?" ಎಂದರು. ಮೋಸಹೋದವರ ದನಿ.

ಊರು ಕೂತಿರುವ ಜಾಗವೇ ಹಾಗಿದೆ, ಏನು ಮಾಡುವುದು. ಲೌಟರ್‌ಬ್ರುನ್ನೆನ್ ಕಣಿವೆಯ ಒಂದು ಮಗ್ಗುಲಿಗೆ ನೆಟ್ಟಗೆ ನಿಂತ ಬಂಡೆ. ಆ ಬಂಡೆಯ ಮೇಲೆ, 1638 ಮೀಟರ್ ಎತ್ತರದಲ್ಲಿ, ಕೆಲವು ನೂರು ಜನರ ಮ್ಯೂರನ್. ಎದುರಿಗೆ ಐಗರ್, ಮೋಂಖ್, ಯುಂಗ್‌ಫ್ರಾವ್ ಶಿಖರಗಳು. ಮಗಳು ಬಾಸೆಲ್‌ನಲ್ಲಿದ್ದಾಗ ಒಂದು ಚಳಿಗಾಲ ನಮ್ಮನ್ನು ಕರೆದುಕೊಂಡು ಹೋಗಿದ್ದಳು. ಅವಳಿಗೆ ಸ್ಕೀ ಹುಚ್ಚು. ನನಗೆ ರೈಲಿನ ಹುಚ್ಚು. ನನ್ನವಳಿಗೆ ಎರಡೂ ಇಲ್ಲ. ಅವಳು ಚಿತ್ರಾನ್ನದ ಡಬ್ಬಿ ಹಿಡಿದು ಬಂದಳು.

ಇಂಟರ್‌ಲಾಕೆನ್‌ವರೆಗೆ ದೊಡ್ಡ ರೈಲು. ಅಲ್ಲಿಂದ ಮುಂದಕ್ಕೆ ಪುಟ್ಟದೊಂದು ರೈಲು, ಅದು ಸ್ವೈಲ್ಯೂಟ್ಶಿನೆನ್ ಎಂಬ ನಿಲ್ದಾಣದಲ್ಲಿ ಎರಡಾಗುತ್ತದೆ. ಅರ್ಧ ಗ್ರಿಂಡೆಲ್‌ವಾಲ್ಡಿಗೆ, ಇನ್ನರ್ಧ ಲೌಟರ್‌ಬ್ರುನ್ನೆನ್‌ಗೆ. ಬೆಂಗಳೂರಿನಿಂದ ಹೊರಟು ಮಂಗಳೂರಿನಲ್ಲಿ ಕಣ್ಣೂರಿಗೊಂದು ಕಾರವಾರಕ್ಕೊಂದು ಎಂದು ಪಾಲಾಗುತ್ತಿದ್ದ ಗಾಡಿಯಲ್ಲಿ ಓಡಾಡಿದ ನನಗೆ ಇದೇನು ಹೊಸದಲ್ಲ. ಆದರೆ ನಮ್ಮಲ್ಲಿ ಎಂಜಿನ್ ಬಿಚ್ಚಿ ಜೋಡಿಸುವುದರೊಳಗೆ ಒಂದು ಚಹಾ ಆಗುತ್ತಿತ್ತು. ಇವರು ಆ ಸುಖ ಕೊಡುವುದಿಲ್ಲ.

ಲೌಟರ್‌ಬ್ರುನ್ನೆನ್‌ನಲ್ಲಿ ಇಳಿದು ಕೇಬಲ್ ಕಾರು ಹತ್ತಬೇಕು. ಒಳಗೆ ಸ್ಕೀ ಬೂಟು ಹಾಕಿದವರ ಟಕ್ ಟಕ್, ಒದ್ದೆ ಉಣ್ಣೆಯ ವಾಸನೆ, ಯಾರದೋ ಸ್ಕೀ ಕೋಲಿನ ತುದಿ ನನ್ನ ಮೊಣಕಾಲಿಗೆ. ಈ ಕೇಬಲ್ ಕಾರಿನ ವಿಶೇಷ ಇರುವುದು ಅದರ ಹೊಟ್ಟೆಯ ಕೆಳಗೆ. ಜನ ನಿಲ್ಲುವ ಡಬ್ಬಿಯ ಅಡಿಯಲ್ಲಿ ಸಾಮಾನಿನ ತಟ್ಟೆಯೊಂದು ನೇತಾಡುತ್ತಿರುತ್ತದೆ. ನಾವು ಹತ್ತುವ ಮೊದಲು ಅದಕ್ಕೆ ಹಾಲಿನ ಪೆಟ್ಟಿಗೆಗಳು, ಬಿಯರಿನ ಕ್ರೇಟುಗಳು, ಪ್ಲಾಸ್ಟಿಕ್ ಸುತ್ತಿದ ಹಾಸಿಗೆಯೊಂದನ್ನು ಏರಿಸಿದ್ದು ಕಂಡಿದ್ದೆ. ಊರಿನ ರೇಷನ್ನು ನಮ್ಮ ಕಾಲಡಿ, ಊರಿನ ನೆಂಟರು ಅದರ ಮೇಲೆ. ಮೇಲಿನ ಗ್ರ್ಯುಟ್ಶಾಲ್ಪ್‌ನಲ್ಲಿ ಎಲ್ಲರೂ ಇಳಿದು ಮತ್ತೊಂದು ಗಿಡ್ಡ ರೈಲು ಹಿಡಿಯಬೇಕು. ಹಾಲು, ಬಿಯರು, ಹಾಸಿಗೆ ಕೂಡ.

ಕೇಬಲ್ ಕಾರು ಬಂದದ್ದು 2006ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಹಗ್ಗ ಎಳೆಯುವ ರೈಲಿತ್ತು, 1891ರದು. ಗುಡ್ಡದ ಮಣ್ಣು ಜರುಗತೊಡಗಿತೆಂದು ಅದನ್ನು ಬಿಟ್ಟುಕೊಟ್ಟರು. ಮೊದಮೊದಲು ಅದನ್ನು ನಡೆಸುತ್ತಿದ್ದದ್ದು ನೀರು: ಮೇಲಿನ ಡಬ್ಬಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರಕ್ಕೆ ಇಳಿಯುತ್ತಿತ್ತು, ಇಳಿಯುವಾಗ ಕೆಳಗಿನ ಡಬ್ಬಿಯನ್ನು ಜನ ಸಮೇತ ಮೇಲಕ್ಕೆಳೆಯುತ್ತಿತ್ತು. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1902ರಲ್ಲಿ ವಿದ್ಯುತ್ತು ಬಂತು. ಆದರೂ ಚಳಿಗಾಲದಲ್ಲಿ ಬಾಗಿಲು ಮುಚ್ಚಿಯೇ. ಹಿಮ ಬಿದ್ದ ಮೇಲೆ ಆ ಊರಿಗೆ ಹೋಗುವವರಾದರೂ ಯಾರು?

ಹೋಗುವವರನ್ನು ತಂದವನು ಹೆನ್ರಿ ಲನ್. ನನ್ನ ಕಥೆ ಹಳಿ ತಪ್ಪುವುದೂ ಇಲ್ಲೇ.

ಈತ ಇಂಗ್ಲೆಂಡಿನ ಮೆಥೊಡಿಸ್ಟ್ ಪಾದ್ರಿ, ವೈದ್ಯ ಕೂಡ. ಮಿಷನ್ ಕೆಲಸಕ್ಕೆಂದು ಬಂದದ್ದು ಮದ್ರಾಸಿಗೆ! 1888ರಲ್ಲಿ ಮಗ ಅರ್ನಾಲ್ಡ್ ಹುಟ್ಟಿದ್ದು ಅಲ್ಲೇ. ಆಗ ನಮ್ಮ ಮಂಗಳೂರು, ಬಳ್ಳಾರಿಗಳೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವಾದ್ದರಿಂದ, ಕಾನೂನಿನ ಲೆಕ್ಕದಲ್ಲಿ ಅರ್ನಾಲ್ಡನೂ ನಮ್ಮಜ್ಜನೂ ಒಂದೇ ಪ್ರಾಂತ್ಯದವರು. ಈ ನಂಟಸ್ತಿಕೆಯನ್ನು ನಾನು ಬಿಟ್ಟುಕೊಡುವವನಲ್ಲ. ಹೆನ್ರಿಗೆ ಇಲ್ಲಿಯ ಹವೆ ಒಗ್ಗಲಿಲ್ಲ. ಊರಿಗೆ ಮರಳಿ, ಮಿಷನರಿಗಳು ಭಾರತದಲ್ಲಿ ತೀರಾ ಸುಖವಾಗಿ ಬದುಕುತ್ತಾರೆಂದು ಬರೆದು ತನ್ನವರ ಸಿಟ್ಟಿಗೂ ಗುರಿಯಾದ. 1892ರಲ್ಲಿ ಬೇರೆ ಬೇರೆ ಚರ್ಚುಗಳನ್ನು ಒಂದುಗೂಡಿಸುವ ಆಸೆಯಿಂದ ಗ್ರಿಂಡೆಲ್‌ವಾಲ್ಡಿನಲ್ಲಿ ಸಮ್ಮೇಳನ ಕರೆದ. ಚರ್ಚುಗಳು ಒಂದಾಗಲಿಲ್ಲ. ಬಂದವರಿಗೆ ರೈಲು, ಹೋಟೆಲು ಗೊತ್ತುಮಾಡಿಕೊಡುವ ಕೆಲಸ ಮಾತ್ರ ಕೈಹತ್ತಿತು. ಪಾದ್ರಿ ಟ್ರಾವೆಲ್ ಏಜೆಂಟನಾದ. ಅಂದರೆ ಸ್ವೈಲ್ಯೂಟ್ಶಿನೆನ್‌ನಲ್ಲಿ ಒಡೆಯುವ ಆ ರೈಲಿನ ಅರ್ಧ ಹೋಗುವುದು ಅಪ್ಪನ ಊರಿಗೆ, ಇನ್ನರ್ಧ ಮುಂದೆ ಮಗನ ಊರಾದ ಮ್ಯೂರನ್‌ನ ದಾರಿಗೆ.

ಈ ಹೆನ್ರಿಯೇ ರೈಲಿನವರ ಮನವೊಲಿಸಿ 1910ರ ಚಳಿಗಾಲದಲ್ಲಿ ಮ್ಯೂರನ್ ಗಾಡಿ ಓಡುವಂತೆ ಮಾಡಿದ್ದು. ಅಲ್ಲಿಯವರೆಗೆ ಸ್ಕೀ ಎಂದರೆ ಹೆಚ್ಚಾಗಿ ಹತ್ತುವ ಆಟ. ಸ್ಕೀಯ ಅಡಿಗೆ ಸೀಲ್ ಚರ್ಮ ಕಟ್ಟಿಕೊಂಡು ಗಂಟೆಗಟ್ಟಲೆ ಏದುಸಿರು ಬಿಡುತ್ತಾ ಏರುವುದು, ಗಳಿಗೆಯೊಳಗೆ ಇಳಿದುಬಿಡುವುದು. ರೈಲಿನಲ್ಲಿ ಮೇಲಕ್ಕೆ ಹೋಗುವವನು ಒಂದೇ ದಿನದಲ್ಲಿ ಎಷ್ಟು ಸಲ ಬೇಕಾದರೂ ಇಳಿಯಬಹುದು. 1912ರಲ್ಲಿ ಊರಿನ ಹಿಂದಿನ ಆಲ್ಮೆಂಡ್‌ಹ್ಯೂಬೆಲ್ ಗುಡ್ಡಕ್ಕೂ ಹಗ್ಗದ ರೈಲು ಬಂತು. ಪಂಡಿತರು ಏನೇ ಹೇಳಲಿ, ಇಳಿಜಾರಿನ ಸ್ಕೀಯನ್ನು ಹೆತ್ತದ್ದು ಟಿಕೆಟ್ಟಿನ ಗಾಡಿ ಎಂದೇ ನನ್ನ ವಾದ.

ಮಗ ಅರ್ನಾಲ್ಡನಂತೂ ಅಪ್ಪನನ್ನೂ ಮೀರಿಸಿದ. 1909ರಲ್ಲಿ ವೇಲ್ಸ್‌ನ ಬಂಡೆಯೊಂದರಿಂದ ಬಿದ್ದು ಅವನ ಕಾಲು ನುಚ್ಚುನೂರಾಗಿತ್ತು. ಒಂದು ಕಾಲು ಕೊನೆಯವರೆಗೂ ಗಿಡ್ಡವಾಗಿಯೇ ಉಳಿಯಿತು. ಆ ಕಾಲಿನಲ್ಲೇ ಸ್ಕೀ. 1922ರ ಜನವರಿಯಲ್ಲಿ ಮ್ಯೂರನ್‌ನ ಇಳಿಜಾರಿನಲ್ಲಿ ಜೋಡಿ ಬಾವುಟಗಳನ್ನು ನೆಟ್ಟು, ಅವುಗಳ ನಡುವೆ ತೂರಿ ಬೇಗ ಕೆಳಗೆ ಬಂದವನೇ ಗೆದ್ದ ಎಂದ. ಚಂದಕ್ಕೆ ಅಂಕವಿಲ್ಲ, ಗಡಿಯಾರವೇ ತೀರ್ಪುಗಾರ. ಇಂದಿನ ಸ್ಲಾಲಂ ಅದೇ. ದೂರ ಓಡುವುದು, ಎತ್ತರದಿಂದ ಜಿಗಿಯುವುದು ಇವಷ್ಟೇ ಸ್ಕೀ ಎಂದುಕೊಂಡಿದ್ದ ನಾರ್ವೆಯವರು ಮೂಗು ಮುರಿದರು. 1931ರಲ್ಲಿ ಇಳಿಜಾರಿನ ಸ್ಕೀಯ ಮೊದಲ ವಿಶ್ವ ಚಾಂಪಿಯನ್‌ಶಿಪ್ ಮ್ಯೂರನ್‌ನಲ್ಲೇ ನಡೆಯಿತು, 1936ರಲ್ಲಿ ಒಲಿಂಪಿಕ್ಸ್ ಕೂಡ ಒಪ್ಪಿಕೊಂಡಿತು. ರೈಲು ನಿಲ್ದಾಣದ ಹತ್ತಿರ ಅವನ ಹೆಸರಿನ ಕಲ್ಲಿದೆ. ನಾನು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. "ಯಾರಪ್ಪಾ ಅದು?" ಎಂದಳು ಮಗಳು. ನಮ್ಮ ಕಡೆಯವರು ಎಂದೆ.

ಅವನ ಸ್ಕೀ ಕ್ಲಬ್ಬಿನ ಹೆಸರು ಕಂದಹಾರ್! ಹಿಮದ ಆಟಕ್ಕೆ ಅಫ್ಘಾನಿಸ್ತಾನದ ಹೆಸರು ಬಂದದ್ದು ಲಾರ್ಡ್ ರಾಬರ್ಟ್ಸ್‌ನಿಂದ. ಕಾನ್ಪುರದಲ್ಲಿ ಹುಟ್ಟಿ, ಕಾಬೂಲಿನಿಂದ ಕಂದಹಾರಕ್ಕೆ ದಂಡು ನಡೆಸಿ, ಆಮೇಲೆ ಮದ್ರಾಸಿನ ಸೇನೆಗೂ ದಂಡನಾಯಕನಾಗಿದ್ದ ಆ ಮುದುಕ 1911ರ ಪಂದ್ಯವೊಂದರ ಬಟ್ಟಲಿಗೆ ಕಂದಹಾರದ ಹೆಸರು ಹೊತ್ತ ತನ್ನ ಬಿರುದನ್ನು ಕೊಟ್ಟಿದ್ದ. ಸ್ಕೀಗೂ ಅವನಿಗೂ ಇದ್ದ ಸಂಬಂಧ ನನ್ನವಳಿಗಿದ್ದಷ್ಟೇ ಇರಬೇಕು.

ಕಾರಿಲ್ಲದ ಊರು ಎಂದರೆ ಗಾಲಿಯೇ ಇಲ್ಲದ ಊರೆಂದಲ್ಲ. ಹೋಟೆಲಿನವರ ಬ್ಯಾಟರಿ ಬಂಡಿಗಳು ಸೂಟ್‌ಕೇಸು ಹೇರಿಕೊಂಡು ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತವೆ. ಅಂಗಡಿಯ ಮುಂದೆ ಚಪ್ಪಲಿ ಬಿಟ್ಟ ಹಾಗೆ ಮರದ ಜಾರುಬಂಡಿಗಳು. ಒಬ್ಬ ಅಜ್ಜಿ ತನ್ನದಕ್ಕೆ ಆಲೂಗಡ್ಡೆಯ ಚೀಲವನ್ನೂ ಮೊಮ್ಮಗನನ್ನೂ ಒಂದೇ ಹಗ್ಗದಲ್ಲಿ ಬಿಗಿದು, ಗಂಟನ್ನು ಎರಡೆರಡು ಸಲ ಎಳೆದು ನೋಡಿ, ಎಳೆದುಕೊಂಡು ಹೋದಳು.

ಷಡ್ಡಕರಿಗೆ ಇದನ್ನೆಲ್ಲ ಹೇಳಿದೆ. "ಇರಲಿ, ಲಗೇಜು ಜಾಸ್ತಿ, ಕೆಳಗೆ ಲೌಟರ್‌ಬ್ರುನ್ನೆನ್‌ನಲ್ಲೇ ಉಳಿದರಾಯಿತು" ಎಂದರು. ಉಳಿಯಲಿ, ಅಡ್ಡಿಯಿಲ್ಲ. ಜನವರಿಯವರೆಗೆ ಇದ್ದರೆ ಇನ್ಫರ್ನೋ ಎಂಬ ಓಟವನ್ನೂ ನೋಡಬಹುದು. 1928ರಲ್ಲಿ ಲನ್‌ನ ಕ್ಲಬ್ಬಿನವರು ಶುರುಮಾಡಿದ್ದು. 2970 ಮೀಟರ್ ಎತ್ತರದ ಶಿಲ್ಟ್‌ಹಾರ್ನ್ ಶಿಖರದ ಬಳಿಯಿಂದ ಲೌಟರ್‌ಬ್ರುನ್ನೆನ್‌ವರೆಗೆ ಇಳಿಯುವುದು. ಈಗ ಆ ಶಿಖರಕ್ಕೂ ಕೇಬಲ್ ಕಾರಿದೆ, ತುದಿಯಲ್ಲಿ ಜೇಮ್ಸ್ ಬಾಂಡ್ ಸಿನಿಮಾದಿಂದ ಹೆಸರಾದ ತಿರುಗುವ ಹೋಟೆಲಿದೆ. ಮೊದಲ ವರ್ಷ ಎರಡೂ ಇರಲಿಲ್ಲ. ಓಡಿದ ಹದಿನೇಳು ಮಂದಿ ಶಿಖರವನ್ನು ತಾವೇ ಏರಿ ಅಲ್ಲಿಂದ ಜಾರಿದರು. ಗೆದ್ದವನಿಗೆ ಹಿಡಿದದ್ದು ಒಂದು ಗಂಟೆ ಹನ್ನೆರಡು ನಿಮಿಷ. ಆಮೇಲೆ ಮ್ಯೂರನ್‌ಗೆ ಮರಳಬೇಕಾದವರು, ಗೆದ್ದವರೋ ಸೋತವರೋ, ಟಿಕೆಟ್ ಕೊಂಡು ಅದೇ ಗಾಡಿ ಹತ್ತಬೇಕಿತ್ತು.