ಹಂಸಭಾವಿಯಲ್ಲಿ ಆರು ಕೆಂಪು, ಒಂದು ಕರಿ

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವ ರಾಣೆಬೆನ್ನೂರು. ಅಲ್ಲಿ ಇಳಿದು, ಒಂದು ಚಹಾ ಕುಡಿದು, ಹಂಸಭಾವಿ ಕಡೆಯ ಬಸ್ಸು ಹಿಡಿಯುವುದು ಕೆಲಸಕ್ಕೆ ಸೇರಿದಾಗಿನಿಂದ ನನ್ನ ರೂಢಿ. ದೀಪಾವಳಿ ಹೊತ್ತಿಗೆ ಹೋದರೆ ರಸ್ತೆಯ ಅರ್ಧ ಭಾಗ ಗೋವಿನಜೋಳದ್ದು. ಒಣಗಲು ಹರಡಿದ ಕಾಳಿನ ಪಕ್ಕದಲ್ಲಿ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಬಸ್ ಡ್ರೈವರ್ ಒಂದು ಮಾತೂ ಆಡದೆ ಆಚೆ ಬದಿಗೆ ತಿರುಗಿಸಿಕೊಳ್ಳುತ್ತಾನೆ. ಅವನ ಮನೆಯದೂ ಎಲ್ಲೋ ಒಂದು ರಸ್ತೆಯ ಮೇಲೆ ಒಣಗುತ್ತಿರುತ್ತದೆ.

ಹಿರೇಕೆರೂರು ತಾಲೂಕಿನ ಈ ಊರನ್ನು ಹೊರಗಿನವರು ಬಲ್ಲದ್ದು ಮೃತ್ಯುಂಜಯ ವಿದ್ಯಾಪೀಠದಿಂದ. ಸುತ್ತಲಿನ ಹಳ್ಳಿಗಳ ಮಕ್ಕಳು ಓದಲು ಇಲ್ಲಿಗೆ ಬರುತ್ತಾರೆ. ಹಾಗಾಗಿ ಊರು ಸಣ್ಣದಾದರೂ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹರೆಯದವರ ಗದ್ದಲ. ಆಟ ಅಂದರೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಮಳೆ ಹಿಡಿದರೆ ಕೇರಂ. ಹೋದ ದೀಪಾವಳಿಗೆ ಈ ಪಟ್ಟಿಗೆ ಇನ್ನೊಂದು ಸೇರಿತ್ತು. ನಮ್ಮ ಕಾಕಾನ ಮಗ ಒಂದು ಖಾಲಿ ಗೋಡೌನ್ ಬಾಡಿಗೆ ಹಿಡಿದು, ಅದರಲ್ಲಿ ಎಂಟು ಅಡಿಯ ಸೆಕೆಂಡ್ ಹ್ಯಾಂಡ್ ಪೂಲ್ ಟೇಬಲ್ ಹಾಕಿದ್ದ. ಅರ್ಧ ದುಡ್ಡು ಸಾಲ, ಉಳಿದರ್ಧ ಕಾಕಾ ಜೋಳ ಮಾರಿ ಕೊಟ್ಟಿದ್ದು. ಕೊಟ್ಟ ದಿನದಿಂದ ಕಾಕಾ ಮಗನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

ಚಿಗವ್ವ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು. "ತಮ್ಮಾ, ನೀ ಬೆಂಗಳೂರಾಗ ಇದನ್ನ ಆಡ್ತಿಯಂತಲ್ಲ. ಖರೇ ಹೇಳು, ಇದು ಕುಡಿಯೋ ಮಂದಿ ಕೂಡೋ ಜಾಗ ಅಲ್ಲಲ್ಲ?"

ಚಿಗವ್ವನ ಅನುಮಾನಕ್ಕೆ ಸಿನಿಮಾಗಳೇ ಕಾರಣ. ಖಳನಾಯಕನ ಅಡ್ಡಾ ತೋರಿಸಬೇಕಾದರೆ ಹೊಗೆ, ಹಸಿರು ಟೇಬಲ್, ಕೈಯಲ್ಲೊಂದು ಕೋಲು. ನಾನು ಅವಳಿಗೆ ಪಂಕಜ್ ಆಡ್ವಾಣಿ ಹೆಸರು ಹೇಳಿದೆ. ಬೆಂಗಳೂರಿನಲ್ಲಿ ಬೆಳೆದ ಹುಡುಗ, ಅಣ್ಣನ ಹಿಂದೆ ಹಿಂದೆ ಸ್ನೂಕರ್ ಪಾರ್ಲರಿಗೆ ಹೋಗಿ ಆಟ ಹಿಡಿದವನು, ಅರವಿಂದ ಸವೂರ್ ಅವರ ಬಳಿ ಪಳಗಿದವನು. ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ಸೇರಿ ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ, ಖೇಲ್ ರತ್ನ, 2018ರಲ್ಲಿ ಪದ್ಮಭೂಷಣ. ಚಿಗವ್ವ ಪದ್ಮಭೂಷಣಕ್ಕೆ ತಲೆಯಾಡಿಸಿದಳು. "ನಮ್ಮಂವಗ ಸಾಲದ ಕಂತು ತೀರಿದ್ರ ಸಾಕವ್ವಾ" ಅಂತ ರೊಟ್ಟಿ ಮಗುಚಿದಳು.

ಕಂತಿನ ಸಲುವಾಗಿಯೇ ತಮ್ಮ ಪಾಡ್ಯದ ಮರುದಿನ ಒಂದು ಟೂರ್ನಮೆಂಟ್ ಇಟ್ಟಿದ್ದ. ಹದಿನಾರು ಜನ, ತಲಾ 150 ರೂಪಾಯಿ. ನಿಯಮ ಬರೆದುಕೊಡುವ ಕೆಲಸ ನನ್ನ ಪಾಲಿಗೆ. "ಅಣ್ಣಾ, ನೀ ಇಂಜಿನಿಯರ್ ಅದಿ, ಕಾಗದದ ಮ್ಯಾಲೆ ಬರಕೊಡು, ಜಗಳ ಆಗಬಾರದು."

ಮೊದಲ ಪ್ರಶ್ನೆ: ಪೂಲೋ, ಸ್ನೂಕರೋ? ಟಿವಿಯಲ್ಲಿ ನೋಡಿದವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಹತ್ತಿರದ ನೆಂಟರು ಹೌದು. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ಮಳೆಗಾಲದ ಬೇಸರಕ್ಕೆ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ, ಆಗ ಚಾಲ್ತಿಯಲ್ಲಿದ್ದ ಬ್ಲ್ಯಾಕ್ ಪೂಲ್ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡು ಸೇರಿಸಿ ಸ್ನೂಕರ್ ಹುಟ್ಟುಹಾಕಿದನೆಂಬುದು ಎಲ್ಲರೂ ಒಪ್ಪಿದ ಕಥೆ. ಅದರ ನಿಯಮಗಳು ಒಂದು ಹದಕ್ಕೆ ಬಂದದ್ದು 1882ರಲ್ಲಿ, ನಮ್ಮ ಬಂಡೀಪುರದ ಕಾಡು ದಾಟಿದರೆ ಸಿಗುವ ಊಟಿಯಲ್ಲಿ. ಇಂಗ್ಲಿಷರ ಆಟ ಅಂತ ನಾವು ಅನ್ನುತ್ತೇವೆ, ಹುಟ್ಟಿದ್ದು ಮಾತ್ರ ನಮ್ಮ ಮಳೆಯಲ್ಲಿ.

ನೆಂಟಸ್ತಿಕೆ ಇದ್ದರೂ ಸ್ವಭಾವ ಬೇರೆ. ಸ್ನೂಕರ್ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ, ಅಡಿಯಲ್ಲಿ ಕಲ್ಲಿನ ಹಾಸು. ತೂಕ ಒಂದು ಟನ್ನಿಗೂ ಹೆಚ್ಚು. ಸುತ್ತ ಕೋಲು ಹಿಂದಕ್ಕೆ ಎಳೆಯಲು ಐದೈದು ಅಡಿ ಬಿಟ್ಟರೆ 22 ಅಡಿಗೆ 16 ಅಡಿಯ ಕೋಣೆಯೇ ಬೇಕು. ಪೂಲಿಗೆ ಅಷ್ಟು ಬೇಡ. ಪೂಲ್ ಚೆಂಡು 57 ಮಿಲಿಮೀಟರ್, ಸ್ನೂಕರ್ ಚೆಂಡು 52.5. ಚೆಂಡು ಸಣ್ಣದು ಅಂತ ಸ್ನೂಕರ್ ಸುಲಭ ಎನ್ನುವ ಹಾಗಿಲ್ಲ. ಅದರ ಕುಳಿಯ ಬಾಯಿ ಬಿಗಿ, ಅಂಚು ದುಂಡಗೆ. ಚೂರು ಓರೆಯಾದರೂ ಚೆಂಡು ತುಟಿಗೆ ತಾಗಿ ಆಚೆ ಹಾರುತ್ತದೆ. ಪೂಲಿನ ಕುಳಿ ಇನ್ನಷ್ಟು ಧಾರಾಳ. ಪೂಲಿನಲ್ಲಿ ಅಂಕದ ಲೆಕ್ಕವಿಲ್ಲ: ಎಂಟರ ಆಟದಲ್ಲಿ ನಿನ್ನ ಏಳು ಚೆಂಡು ಮುಗಿಸಿ ಕರಿ ಎಂಟನ್ನು ಹಾಕು, ಮುಗಿಯಿತು. ಸ್ನೂಕರಿನಲ್ಲಿ ಒಂದು ಕೆಂಪು, ಒಂದು ಬಣ್ಣ, ಮತ್ತೆ ಕೆಂಪು. ಹಾಕಲು ಆಗದಿದ್ದರೆ ಎದುರಾಳಿಗೆ ದಾರಿ ಕಾಣದ ಹಾಗೆ ಬಿಳಿ ಚೆಂಡನ್ನು ಅಡಗಿಸು. ಈ ಅಡಗಿಸುವುದರಲ್ಲೇ ಆಟದ ಅರ್ಧ ಜೀವ ಇದೆ ಅಂತ ನನ್ನ ನಂಬಿಕೆ. ಪೂಲಿನಲ್ಲೂ ಅಡಗಿಸುತ್ತಾರೆ, ಆದರೆ ಅಲ್ಲಿ ಚೆಂಡು ಮುಟ್ಟಲಾಗದೆ ತಪ್ಪಿದರೆ ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲಿ ಹಿಡಿದು ಬೇಕಾದಲ್ಲಿ ಇಟ್ಟುಕೊಳ್ಳುತ್ತಾನೆ, ಕಥೆ ಬೇಗ ತೀರುತ್ತದೆ.

ತಮ್ಮನ ಬಳಿ ಸಣ್ಣ ಟೇಬಲ್ಲಿಗೆಂದು ಮಾಡಿದ ಸ್ನೂಕರ್ ಚೆಂಡುಗಳೂ ಇದ್ದವು. ಹುಡುಗರಿಗೆ ಸ್ನೂಕರೇ ಬೇಕಿತ್ತು. "ಪೂಲ್ ದಿನಾ ಆಡ್ತೀವಿ" ಅಂದರು. ಲೆಕ್ಕ ಹಾಕಿದೆ. ಹದಿನಾರು ಜನರ ನಾಕೌಟ್ ಅಂದರೆ 15 ಪಂದ್ಯ. 15 ಕೆಂಪಿನ ಒಂದು ಫ್ರೇಮಿಗೆ 25 ನಿಮಿಷ ಹಿಡಿದರೂ ಆರು ಕಾಲು ಗಂಟೆ. ನಮ್ಮ ಹುಡುಗರ ಕೈಗೆ ಅದು ಹತ್ತು ಗಂಟೆಯೂ ಆದೀತು. ಸಂಜೆ ಮೇಲೆ ಊರಲ್ಲಿ ಕರೆಂಟ್ ಭರವಸೆ ಇಲ್ಲ. ಆದ್ದರಿಂದ ಆರು ಕೆಂಪಿನ ಆಟ, ಗಡಿಯಾರ ಇಟ್ಟು 12 ನಿಮಿಷ.

ಆರು ಕೆಂಪಿನದು ಹುಡುಗಾಟದ ಆಟವಲ್ಲ. ಪ್ರತಿ ಕೆಂಪಿಗೂ ಕರಿ ಸೇರಿಸಿದರೆ ಆರೆಂಟಲ 48, ಕೊನೆಯ ಆರು ಬಣ್ಣಕ್ಕೆ 27, ಒಟ್ಟು 75. ದೊಡ್ಡ ಆಟದ 147ರ ಅರ್ಧ. ಇದರಲ್ಲೂ ವಿಶ್ವ ಚಾಂಪಿಯನ್‌ಷಿಪ್ ಇದೆ. ಆಡ್ವಾಣಿ 2014ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಅದನ್ನು ಗೆದ್ದ, 2015ರ ಆಗಸ್ಟಿನಲ್ಲಿ ಕರಾಚಿಯಲ್ಲಿ ಚೀನಾದ ಯಾನ್ ಬಿಂಗ್ಟಾವೊನನ್ನು ಸೋಲಿಸಿ ಮತ್ತೆ ಗೆದ್ದ. ಅದೇ ವರ್ಷ ನವೆಂಬರಿನಲ್ಲಿ ಈಜಿಪ್ಟಿನ ಹರ್ಗಾಡಾದಲ್ಲಿ 15 ಕೆಂಪಿನ ವಿಶ್ವ ಪ್ರಶಸ್ತಿಯೂ ಅವನದೇ. ಅಂದು ಫೈನಲ್ ಸೋತ ಝಾವೊ ಶಿನ್‌ಟಾಂಗ್ 2025ರಲ್ಲಿ ವೃತ್ತಿಪರರ ವಿಶ್ವ ಚಾಂಪಿಯನ್ ಆದ. ಬಿಲಿಯರ್ಡ್ಸಿನಲ್ಲೂ ಇಂಥದೇ ಗಿಡ್ಡ ಮತ್ತು ಉದ್ದ ಎರಡು ಬಗೆ ಇವೆ: ಮೊದಲು ಇಷ್ಟು ಅಂಕ ಮುಟ್ಟಿದವನು ಗೆದ್ದ ಎನ್ನುವುದೊಂದು, ಗಡಿಯಾರ ಮುಗಿಯುವತನಕ ಆಡುವುದೊಂದು. ಎರಡರ ವಿಶ್ವ ಪ್ರಶಸ್ತಿಯನ್ನೂ ಅವನು 2005ರಲ್ಲಿ ಮಾಲ್ಟಾದಲ್ಲಿ ಒಟ್ಟಿಗೇ ಹೊಡೆದ. ಇವನನ್ನು ನೋಡಿದ ಮೇಲೆ, ಗಿಡ್ಡ ಆಟ ಬಂದರೆ ಆಟ ಕೆಡುತ್ತದೆ ಎಂಬ ಗೊಣಗಾಟ ನನಗೆ ರುಚಿಸುವುದಿಲ್ಲ.

ಕಷ್ಟ ಇದ್ದದ್ದು ಬೇರೆ ಕಡೆ. ಗಡಿಯಾರ ಇಟ್ಟ ಆಟದಲ್ಲಿ ಅಂಕ ಸಮ ಆದರೆ?

"ಟಾಸ್ ಹಾಕ್ಬಿಡೂಣು" ಅಂದ ತಮ್ಮ. ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರು, ಕೇರಂನಲ್ಲಿ ಊರಿಗೇ ಗುರುಗಳು, ಕನ್ನಡಕ ತೆಗೆದು ಅವನನ್ನು ನೋಡಿದರು. "ಕೇರಂನಾಗ ಎಂಟು ಬೋರ್ಡ್ ಮುಗದು ಪಾಯಿಂಟ್ ಸಮ ಆದ್ರ ಇನ್ನೊಂದು ಬೋರ್ಡ್ ಆಡಸ್ತಾರ. ಟಾಸ್ ಹಾಕಿ ಗೆಲಸೂದು ಆಟ ಅಲ್ಲೋ, ಲಾಟರಿ."

ಮಾಸ್ತರರ ಮಾತಿನಲ್ಲಿ ತೂಕವಿತ್ತು. ಸಮ ಬಂದಾಗ ಏನು ಮಾಡಬೇಕೆಂಬುದರಲ್ಲಿ ಪ್ರತಿ ಆಟವೂ ತನ್ನ ಜೀವಾಳ ಯಾವುದೆಂದು ಬಾಯಿಬಿಡುತ್ತದೆ. 2007ರ ಟಿ20 ವಿಶ್ವಕಪ್ಪಿನಲ್ಲಿ ಡರ್ಬನ್ನಿನಲ್ಲಿ ಭಾರತ-ಪಾಕಿಸ್ತಾನ ಪಂದ್ಯ ಟೈ ಆದಾಗ ಬೌಲ್ ಔಟ್ ಆಡಿಸಿದರು. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ, ಬೌಲರೇ ಅಲ್ಲದವನು, ಸ್ಟಂಪಿಗೆ ಹೊಡೆದು ಟೋಪಿ ತೆಗೆದು ಬಾಗಿದ್ದು ನೆನಪಿರಬೇಕು. ನೋಡಲು ಮಜಾ, ಆದರೆ ಬ್ಯಾಟಿಂಗೇ ಇಲ್ಲದ ಕ್ರಿಕೆಟ್ ಅದು. 2019ರ ವಿಶ್ವಕಪ್ ಫೈನಲ್ಲಿನಲ್ಲಿ ಸೂಪರ್ ಓವರೂ ಸಮವಾಗಿ, ಬೌಂಡರಿ ಎಣಿಸಿ ಇಂಗ್ಲೆಂಡಿಗೆ ಕಪ್ ಕೊಟ್ಟರು. ನ್ಯೂಜಿಲೆಂಡಿನವರ ಮುಖ ನೋಡಿ ನಮ್ಮ ಮನೆಯಲ್ಲೂ ಊಟ ಸೇರಲಿಲ್ಲ. ಕೆಲವೇ ತಿಂಗಳಲ್ಲಿ ಆ ನಿಯಮ ತೆಗೆದುಹಾಕಿದರು.

ಸ್ನೂಕರಿನಲ್ಲೂ ಎರಡು ದಾರಿ ಇವೆ. ಇಂಗ್ಲೆಂಡಿನಲ್ಲಿ ಶುರುವಾದ 'ಶೂಟ್ ಔಟ್' ಎಂಬ ಟೂರ್ನಿಯಲ್ಲಿ ಒಂದು ಪಂದ್ಯ ಅಂದರೆ ಒಂದೇ ಫ್ರೇಮ್, ಹತ್ತೇ ನಿಮಿಷ. ಮೊದಲ ಐದು ನಿಮಿಷ ಪ್ರತಿ ಹೊಡೆತಕ್ಕೆ 15 ಸೆಕೆಂಡ್, ಕೊನೆಯ ಐದರಲ್ಲಿ 10 ಸೆಕೆಂಡ್. ಫೌಲ್ ಆದರೆ ಪೂಲಿನಂತೆ ಬಿಳಿ ಚೆಂಡು ಎದುರಾಳಿಯ ಕೈಗೆ. ಪ್ರತಿ ಹೊಡೆತದಲ್ಲಿ ಒಂದು ಚೆಂಡಾದರೂ ಕುಳಿಗೆ ಬೀಳಬೇಕು, ಇಲ್ಲವೇ ಯಾವುದಾದರೂ ಚೆಂಡು ಅಂಚಿಗೆ ತಾಗಬೇಕು. ಸಮ ಬಂದರೆ ನೀಲಿ ಚೆಂಡನ್ನು ಅದರ ಜಾಗದಲ್ಲಿ ಇಟ್ಟು ಇಬ್ಬರೂ ಸರದಿಯಂತೆ ಹೊಡೆಯುವುದು. ಒಬ್ಬ ಹಾಕಿ ಇನ್ನೊಬ್ಬ ತಪ್ಪಿದರೆ ಮುಗಿಯಿತು. ಬೌಲ್ ಔಟಿನ ತಮ್ಮ ಅಂತಲೇ ಅನ್ನಬಹುದು.

ಹಳೆಯ ದಾರಿ ಬೇರೆ. ಎಲ್ಲ ಮುಗಿದು ಅಂಕ ಸಮವಾದರೆ ಕರಿ ಚೆಂಡನ್ನು ಮತ್ತೆ ಅದರ ಜಾಗಕ್ಕೆ ಇಡುತ್ತಾರೆ. ಟಾಸ್ ಗೆದ್ದವನು ಯಾರು ಮೊದಲು ಹೊಡೆಯಬೇಕೆಂದು ತೀರ್ಮಾನಿಸುತ್ತಾನೆ, ಬಿಳಿ ಚೆಂಡನ್ನು ಈಚೆ ತುದಿಯ ಅರ್ಧವೃತ್ತದಲ್ಲಿ ಇಟ್ಟು ಶುರು. ಮೊದಲು ಕರಿ ಹಾಕಿದವನು ಗೆದ್ದ, ಮೊದಲು ಫೌಲ್ ಮಾಡಿದವನು ಸೋತ. ಇಲ್ಲಿ ಗುರಿಯೂ ಬೇಕು, ಅಡಗಿಸುವ ಜಾಣತನವೂ ಬೇಕು, ಕಾಯುವ ತಾಳ್ಮೆಯೂ ಬೇಕು. ಟಾಸ್ ಗೆದ್ದವರು ಬಹಳ ಸಲ ಎದುರಾಳಿಗೇ "ನೀ ಹೊಡಿ" ಅನ್ನುವುದು ಸುಮ್ಮನೆ ಅಲ್ಲ. ಅಷ್ಟು ದೂರದಿಂದ ಕರಿ ನೇರ ಬೀಳುವುದು ಕಷ್ಟ, ತಪ್ಪಿದರೆ ಎದುರಿನವನಿಗೆ ಹಬ್ಬ. 1998ರ ಮಾಸ್ಟರ್ಸ್ ಫೈನಲ್ಲಿನಲ್ಲಿ ಸ್ಟೀಫನ್ ಹೆಂಡ್ರಿ 9-6 ಮುಂದಿದ್ದ. ಮಾರ್ಕ್ ವಿಲಿಯಮ್ಸ್ 9-9 ಮಾಡಿ, ಕೊನೆಯ ಫ್ರೇಮಿನಲ್ಲೂ ಅಂಕ ಸಮವಾಗಿ, ಹೀಗೆ ಮತ್ತೆ ಇಟ್ಟ ಒಂದು ಕರಿಯ ಮೇಲೆ ಪ್ರಶಸ್ತಿ ಗೆದ್ದ.

ಹಾಗಾಗಿ ನಾನು ಗಡಿಯಾರವನ್ನು ಶೂಟ್ ಔಟಿನಿಂದ ತೆಗೆದುಕೊಂಡೆ, ಕೈಯಲ್ಲಿ ಚೆಂಡು ಕೊಡುವುದನ್ನು ಪೂಲಿನಿಂದ, ಟೈ ಬ್ರೇಕನ್ನು ಮಾತ್ರ ಹಳೆಯ ಸ್ನೂಕರಿನಿಂದ. 12 ನಿಮಿಷಕ್ಕೆ ಸಮವಾದರೆ ಉಳಿದ ಚೆಂಡೆಲ್ಲ ಎತ್ತಿ ಕರಿಯೊಂದನ್ನೇ ಇಡುವುದು. ಆಗ ಗಡಿಯಾರ ಇಲ್ಲ. "ಅದಕ್ಕೂ ಟೈಮ್ ಇಡ್ರಿ ಅಣ್ಣಾ" ಅಂತ ಹುಡುಗರು ಗಲಾಟೆ ಮಾಡಿದರು. ಮಾಸ್ತರರು ನನ್ನ ಕಡೆ ನಿಂತದ್ದಕ್ಕೆ ಅದು ಉಳಿಯಿತು.

ಪಂದ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೂಲ್ ಟೇಬಲ್ಲಿನ ಅಗಲ ಕುಳಿಗೆ ಸಣ್ಣ ಚೆಂಡು, ಎಲ್ಲರೂ ಒಂದೊಂದು ಗಳಿಗೆ ಆಡ್ವಾಣಿಯೇ. ಮೊದಲ ಸುತ್ತು ಮುಗಿಯುವಾಗ ಬಾಗಿಲಲ್ಲಿ ಐವತ್ತು ಜನ. ಕಾಕಾ ಕೂಡ ಬಂದು, ಒಳಗೆ ಕಾಲಿಡದೆ, ಹೊರಗಿನ ಚೀಲದ ಮೇಲೆ ಕೂತಿದ್ದರು.

ಎರಡನೇ ಸೆಮಿಫೈನಲ್ 22-22. ಒಬ್ಬ ಕಾಲೇಜು ಹುಡುಗ, ಇನ್ನೊಬ್ಬ ಜೋಳದ ಲಾರಿ ಓಡಿಸುವವನು. ಟಾಸ್ ಗೆದ್ದ ಡ್ರೈವರ್ ಹುಡುಗನಿಗೇ ಹೊಡೆಯಲು ಹೇಳಿದ, ಯಾರೂ ಹೇಳಿಕೊಟ್ಟದ್ದಲ್ಲ. ಹುಡುಗ ಕರಿಯನ್ನು ಸವರಿ ಬಿಳಿಯನ್ನು ದೂರ ಕಳಿಸಿದ. ಡ್ರೈವರ್ ಕರಿಯನ್ನು ಅಂಚಿಗೆ ಒತ್ತಿದ. ಹೀಗೆ ಏಳೆಂಟು ಹೊಡೆತ. ಅಲ್ಲಿಯವರೆಗೆ ಶಿಳ್ಳೆ ಹಾಕುತ್ತಿದ್ದ ಗೋಡೌನ್ ತಣ್ಣಗಾಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಹತ್ತು ಮೊಬೈಲ್ ಬೆಳಗಿದವು, ಆದರೆ ಒಂದೊಂದು ಚೆಂಡಿಗೂ ಹತ್ತು ನೆರಳು. ಕಾಯೋಣ ಅಂತ ಇಬ್ಬರೂ ಒಪ್ಪಿದರು. ಆ ಇಪ್ಪತ್ತು ನಿಮಿಷ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಯಾರಾದರೂ ಚೆಂಡು ಸರಿಸಿಯಾರು ಎಂದು ಮಾಸ್ತರರು ಟೇಬಲ್ ಪಕ್ಕ ಕಾವಲು ನಿಂತರು. ಕಾಕಾ ಯಾವಾಗ ಒಳಗೆ ಬಂದರೋ ಗೊತ್ತಾಗಲಿಲ್ಲ.

ಬೆಳಕು ಬಂದ ಮೇಲೆ ಹುಡುಗ ಕರಿಯನ್ನು ಮೂಲೆಗೆ ಚಂದ ಹಾಕಿದ. ಜನ ಕೂಗಿದರು. ಬಿಳಿ ಚೆಂಡು ಮಾತ್ರ ನಿಲ್ಲಲಿಲ್ಲ. ಎರಡು ಅಂಚಿಗೆ ತಾಗಿ, ಉರುಳಿ ಉರುಳಿ, ನಡುವಿನ ಕುಳಿಗೆ ಇಳಿಯಿತು.

"ಕರಿ ಬಿತ್ತಲ್ಲೋ, ಮತ್ತ ಸೋತ ಅಂದ್ರ ಹೆಂಗ?" ಕಾಕಾ ಜೋರಾಗಿ ಕೇಳಿದರು. ಮಗ ತಿರುಗಿ ಉತ್ತರ ಕೊಟ್ಟ. "ಬಿಳಿ ಬಿದ್ರ ಫೌಲ್ ಅಪ್ಪಾ. ಪೂಲಿನಾಗೂ ಎಂಟು ಹಾಕಿ ಬಿಳಿ ಬಿತ್ತಂದ್ರ ಆಟ ಹೋದಂಗ." ಹುಡುಗ ಜಗಳಕ್ಕೆ ಬರಲಿಲ್ಲ, ಡ್ರೈವರ್ ಕೈಕುಲುಕಿ ಹೋಗಿ ಚಹಾ ಕುಡಿದ. ಆಮೇಲಿನ ಫೈನಲ್ ಒಂಬತ್ತೇ ನಿಮಿಷಕ್ಕೆ ಏಕಪಕ್ಷೀಯವಾಗಿ ಮುಗಿಯಿತು. ಅದರ ಸುದ್ದಿ ಯಾರೂ ಎತ್ತುವುದಿಲ್ಲ.

ಬಂದ 2,400ರಲ್ಲಿ ಬಹುಮಾನಕ್ಕೆ 1,500 ಹೋಗಿ 900 ಉಳಿಯಿತು. ಕಂತಿಗೆ ಅದು ಸಾಲದು. ಸಂಕ್ರಾಂತಿಗೆ ಇನ್ನೊಂದು ಇಡುವ ಮಾತು ನಡೆದಿದೆ. ಕಾಕಾ ಮೊನ್ನೆ ಫೋನಿನಲ್ಲಿ ಕೇಳಿದ್ದು ಸಾಲದ ಬಗ್ಗೆ ಅಲ್ಲ: ಕರಿ ಇಟ್ಟ ಮೇಲೆ ಕರೆಂಟ್ ಹೋದರೆ ಏನು ಮಾಡಬೇಕು ಅಂತ ನಿಯಮದಲ್ಲಿ ಬರೆದಿದ್ದೀಯೋ ಇಲ್ಲವೋ ಅಂತ.